ಮೂರು ಹೆಜ್ಜೆ ಹಿಂದೆ

ಬ್ರಾಟಿ ಫೆರಿಯ ಬ್ರೂಕ್ ಸ್ಟ್ರೀಟಿನಲ್ಲಿ, ಮಂಗಳವಾರ, ಎರಡು ಗಂಟೆಗೆ,
ಡೂಗಲ್ ಕಿನ್ನಿಯರನ ಕೈಗೆ ಚೀಟಿ ಕೊಟ್ಟೆ:
ಒಂದು ಕಂದು ಬ್ರೆಡ್ಡು, ಒಂದು ಸ್ಟಾಂಪು,
ಗ್ರಂಥಾಲಯ ಶನಿವಾರ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ವಿಚಾರಿಸಿ ಬರಬೇಕು.
ಹೊಕ್ಕ ಅಂಗಡಿಗೆ ಮತ್ತೆ ಹೋಗುವಂತಿಲ್ಲ.
ಎರಡೂವರೆಗೆ ಚರ್ಚಿನ ಗಡಿಯಾರದ ಕೆಳಗೆ ನಾನು ಸಿಗುತ್ತೇನೆ.

ಗಟ್ಟಿಯಾಗಿ ಓದಿದ. ನಿಯಮ ಒಪ್ಪಿಸಿದ, ಮಗ್ಗಿ ಒಪ್ಪಿಸಿದ ಹಾಗೆ,
ಒಂದಕ್ಷರ ತಪ್ಪಿಲ್ಲ. "ಇಷ್ಟೇನಾ?" ಅಂದ.
ಇಷ್ಟೇ.

ಮೂವತ್ತು ವರ್ಷ ಸ್ಲೇಟುಗಲ್ಲಿನ ಮಾಡು ಹೊದಿಸಿದವನು.
ಬಿದ್ದದ್ದು ಮಾಡಿನಿಂದಲ್ಲ, ಮನೆಯ ಮುಂದೆ,
ಹಿಮಗಟ್ಟಿದ ಮೂರೇ ಮೆಟ್ಟಿಲಿಂದ, ಕಸದ ಡಬ್ಬಿ ಎಳೆಯುವಾಗ.
ಸ್ಕ್ಯಾನಿನಲ್ಲಿ ಹಣೆಯ ಹಿಂದೆ, ಎರಡೂ ಕಡೆ,
ಹೆಬ್ಬೆರಳಷ್ಟು ಮಸುಕು.
ಮಾತು ಸರಿ. ಲೆಕ್ಕ ಸರಿ. ನೆನಪು, ಅದೂ ಇದೆ:
ಯಾವ ಬೀದಿಯ ಯಾವ ಮನೆಗೆ ಎಷ್ಟು ಮೊಳೆ ಹಿಡಿಯಿತೆಂದು ಹೇಳಬಲ್ಲ.
ಸ್ನಾನಕ್ಕೆ ಮಾತ್ರ ಯಾರಾದರೂ ಏಳು ಅನ್ನಬೇಕು.
ಷವರಿನ ಕೆಳಗೆ ನಿಂತರೆ ಯಾರಾದರೂ ಸಾಕು ಅನ್ನಬೇಕು.

"ಸೋಮಾರಿತನ ಅಲ್ಲ ತಾನೆ?" ಕೇಳಿದ್ದಳು ಮೊರಾಗ್,
ಹೆಂಡತಿ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು.
ಅಲ್ಲ. ಆದರೆ ಏನೆಂದು ಹೇಳಲಿ?
ನಮ್ಮ ಕಡೆ ಹಣೆಬರಹ ಅನ್ನುತ್ತಾರೆ,
ಬರೆದಾಗಿದೆ, ಇನ್ನು ಒರೆಸಲಾಗದು ಎನ್ನುವ ಅರ್ಥದಲ್ಲಿ.
ನಾನಿಲ್ಲಿ ದಿನಾ ನೋಡುವ ಬರಹ ಬೇರೆ.
ಹಣೆಯ ಹಿಂದೆ ಒಬ್ಬ ಗುಮಾಸ್ತ, ಸಣ್ಣ ಸಂಬಳದವನು,
ಈಗ ಇದು, ಆಮೇಲೆ ಅದು, ಅದು ಬೇಡ, ಬಿಡು, ಎಂದು
ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಲೇ ಇರುತ್ತಾನೆ.
ಅವನು ರಜೆ ಹಾಕಿದ ದಿನ
ಊರು ಇದೆ, ದಾರಿಯೂ ಗೊತ್ತಿದೆ,
ಹೊರಡುವುದು ಇಲ್ಲ.

ಇದನ್ನು ಅವಳಿಗೆ ಹೇಳಲಿಲ್ಲ. ಸಕ್ಕರೆ ಹಾಕಿಕೊಳ್ಳಿ, ಅಂದೆ.

ಈಗ ಮೂರು ಹೆಜ್ಜೆ ಹಿಂದೆ ನಾನು, ನಮೂನೆ ಹಿಡಿದು, ಬಾಯಿ ಮುಚ್ಚಿಕೊಂಡು.
ಸೂಚನೆ ಕೊಡಬಾರದು. ಕೆಮ್ಮಲೂ ಬಾರದು.
ಬ್ರೆಡ್ಡು ಕೊಂಡ. ಸರಿ.
ಅಂಚೆ ಕಚೇರಿ ಹೊಕ್ಕು, ಬಾಗಿಲ ಬಳಿಯ
ಹುಟ್ಟುಹಬ್ಬದ ಕಾರ್ಡುಗಳನ್ನೆಲ್ಲ ತೆರೆದು ತೆರೆದು ನೋಡಿ
ಹೊರಬಂದ. ಸ್ಟಾಂಪು? ಇಲ್ಲ.
ಕ್ಷೌರದಂಗಡಿಯ ಬಾಗಿಲ ಮೇಲೆ 'ತಳ್ಳಿ' ಎಂದಿತ್ತು. ತಳ್ಳಿದ.
ಕನ್ನಡಿಯ ಮುಂದೆ ಬಾಚಣಿಗೆ ಇತ್ತು. ಬಾಚಿಕೊಂಡ.
ಕಣ್ಣಿಗೆ ಬಿದ್ದದ್ದೇ ಅಪ್ಪಣೆ.
ಚೀಟಿ ಅಂಗಿಯ ಜೇಬಿನಲ್ಲಿ, ಮಡಚಿದ್ದು ಮಡಚಿದಂತೆ.

ನನ್ನ ನಾಲಿಗೆಯ ತುದಿಯಲ್ಲಿ 'ಡೂಗಲ್, ಸ್ಟಾಂಪು' ಕುಣಿಯುತ್ತಿತ್ತು.
ನುಂಗಿದೆ. ಮತ್ತೆ ಬಂತು, ಮತ್ತೆ ನುಂಗಿದೆ.
ಆಗ ಹೊಳೆಯಿತು, ಇದೂ ಅವನದೇ ಕೆಲಸ,
ನನ್ನ ಗುಮಾಸ್ತನದು, ಹಲ್ಲು ಕಚ್ಚಿಕೊಂಡು
ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾನೆ.

ಎರಡು ಇಪ್ಪತ್ತೆರಡು. ಟೇ ನದಿಯ ಕಡೆಯಿಂದ ಗಾಳಿ.
ಮೀನಿನಂಗಡಿಯ ಮಾಡಿನ ಮೇಲೆ ಒಂದು ಕಡಲಹಕ್ಕಿ
ಸಡಿಲ ಸ್ಲೇಟಿಗೆ ಕಾಲಿಟ್ಟು, ತೆಗೆದು, ಪಕ್ಕದ ಸ್ಲೇಟಿಗಿಟ್ಟಿತು.
ಡೂಗಲ್ ನಿಂತ. ತಲೆ ಎತ್ತಿ ನೋಡಿದ, ಬಹಳ ಹೊತ್ತು.
ಮುಗಿಯಿತು, ಇನ್ನು ಇವತ್ತೆಲ್ಲ ಹಕ್ಕಿಯೇ, ಅಂದುಕೊಂಡೆ.
ಆಗ ಅವನು, ನನಗಲ್ಲ, ಯಾರಿಗೂ ಅಲ್ಲ,
ಹದಿನಾರರ ಹುಡುಗನಿಗೆ ಏಣಿಯ ಮೇಲೆ ಯಾರೋ ಕಲಿಸಿದ ದನಿಯಲ್ಲಿ,
"ಮುಂದಿನ ಕಾಲು ಎಲ್ಲಿಗೆ?" ಅಂದ.

ಕೈ ಜೇಬಿಗೆ ಹೋಯಿತು. ಚೀಟಿ ಬಿಚ್ಚಿದ.
ಓದಿ, ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿ,
ತಿರುಗಿ ನಡೆದ, ನೆಟ್ಟಗೆ ಅಂಚೆ ಕಚೇರಿಗೆ.

ಹೊಕ್ಕಲ್ಲಿಗೇ ಮತ್ತೆ ಹೊಕ್ಕದ್ದು: ನಿಯಮಭಂಗ, ಒಂದು. ಬರೆದುಕೊಂಡೆ.
ಗ್ರಂಥಾಲಯ: ವಿಚಾರಿಸಲಿಲ್ಲ.
ಗಡಿಯಾರದ ಕೆಳಗೆ: ಒಂಬತ್ತು ನಿಮಿಷ ತಡ.
ಎರಡು ಬೆರಳ ನಡುವೆ, ಗಾಳಿಗೆ ಹಾರದಂತೆ
ಸ್ಟಾಂಪನ್ನು ಒತ್ತಿ ಹಿಡಿದು ಬಂದವನು
ನನ್ನ ಮುಖವನ್ನೇ ನೋಡಿ ಕೇಳಿದ:
"ಕಾಗದ ಯಾರಿಗೆ?"

ಅದು ಚೀಟಿಯಲ್ಲಿ ಇರಲಿಲ್ಲ.